ಕುರ್ಚಿಯಲ್ಲಿ ಕೂತಿದ್ದವರು ಯಾರು?

ವೀಕ್ಷಕರೇ, ಚಳಿಗಾಲ ಬಂತು ಅಂದರೆ ಹುಬ್ಬಳ್ಳಿ, ಬೆಳಗಾವಿಯ ರಸ್ತೆ ಬದಿಯಲ್ಲಿ ಟಿಬೆಟನ್ನರ ಸ್ವೆಟರ್ ಅಂಗಡಿಗಳು ಏಳುತ್ತವೆ. ಬೈಲಹೊಂಗಲ, ಸವದತ್ತಿಯಿಂದ ಸಂತೆಗೆ ಹೋದವರು ಚೌಕಾಸಿ ಮಾಡಿ ಮಕ್ಕಳಿಗೊಂದು ಸ್ವೆಟರ್ ತರುತ್ತಾರೆ. ಆದರೆ ಹಿಮಾಲಯದ ಆಚೆಯ ಈ ಜನ ನಮ್ಮ ಕಡೆ ಬಂದಿದ್ದು ಹೇಗೆ? ಇವರಿಗೆ ಭೂಮಿ ಕೊಟ್ಟವರು ಯಾರು?

ಯಾರನ್ನೇ ಕೇಳಿ, ಒಂದೇ ಉತ್ತರ. ನಿಜಲಿಂಗಪ್ಪ. ದಲೈ ಲಾಮಾ ಅವರೇ ಆ ಹೆಸರನ್ನು ಕೃತಜ್ಞತೆಯಿಂದ ಹೇಳುತ್ತ ಬಂದಿದ್ದಾರೆ. ಸರಿ, ಈಗ ಸ್ವಲ್ಪ ಕ್ಯಾಲೆಂಡರ್ ತೆಗೆಯೋಣ.

ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಕಾಲಿಟ್ಟಿದ್ದು 1959ರ ಮಾರ್ಚ್ 31ಕ್ಕೆ. ಅವರ ಹಿಂದೆ ಸುಮಾರು 80 ಸಾವಿರ ಜನ ಬಂದರು. ಗಟ್ಟಿ ಚಳಿಯ ನಾಡಿನವರು ಅಸ್ಸಾಂ, ಬಂಗಾಳದ ಶಿಬಿರಗಳ ಸೆಕೆಯಲ್ಲಿ ಸೊರಗಿದರು. ಇವರಿಗೆ ಜಾಗ ಕೊಡುತ್ತೀರಾ ಅಂತ ನೆಹರೂ ರಾಜ್ಯಗಳನ್ನು ಕೇಳಿದರು. ಮುಂದೆ ಬಂದ ಮೈಸೂರು ರಾಜ್ಯ ಬೈಲುಕುಪ್ಪೆಯ ಹತ್ತಿರ ಸುಮಾರು 3,000 ಎಕರೆ ಕೊಟ್ಟಿತು. ಅದು 1960. ಆಗ ಮುಖ್ಯಮಂತ್ರಿ ಯಾರು? ನಿಜಲಿಂಗಪ್ಪ ಅಲ್ಲ. ಅವರು 1958ರಲ್ಲೇ ರಾಜೀನಾಮೆ ಕೊಟ್ಟಿದ್ದರು, ವಾಪಸ್ ಬಂದಿದ್ದು 1962ರಲ್ಲಿ. ನಡುವಿನ ವರ್ಷಗಳಲ್ಲಿ ಕುರ್ಚಿಯಲ್ಲಿ ಕೂತಿದ್ದವರು ಬಿ.ಡಿ. ಜತ್ತಿ!

ಯಾವ ಜತ್ತಿ? ಜಮಖಂಡಿ ತಾಲೂಕಿನ ಸಾವಳಗಿಯವರು. ರಾಮದುರ್ಗದವರಿಗೆ ನೆರೆಮನೆಯವರಿದ್ದ ಹಾಗೆ. ರಾಮದುರ್ಗದಂತೆ ಜಮಖಂಡಿಯೂ ಒಂದು ಪುಟ್ಟ ಸಂಸ್ಥಾನ, ಅಲ್ಲಿ ವಕೀಲಿಕೆ ಮಾಡಿ ಮೇಲೆ ಬಂದ ಮನುಷ್ಯ. ಮುಂದೆ ಉಪರಾಷ್ಟ್ರಪತಿ ಆದರು, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆದರು. ಇಷ್ಟು ದೊಡ್ಡ ಕೆಲಸ ತಮ್ಮ ಸರ್ಕಾರದ ಕಾಲದಲ್ಲಿ ಆಗಿದ್ದರೂ ಅವರ ಹೆಸರನ್ನು ಯಾರೂ ಎತ್ತುವುದಿಲ್ಲ. ನಿಜಲಿಂಗಪ್ಪನವರಿಗೆ ಪಾಲು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 1966ರಲ್ಲಿ ಮುಂಡಗೋಡದಲ್ಲಿ ಸುಮಾರು 4,000 ಎಕರೆಯ ಶಿಬಿರ ಶುರುವಾದಾಗ ಮುಖ್ಯಮಂತ್ರಿ ಅವರೇ. ಧಾರವಾಡ, ಕಲಘಟಗಿ ದಾಟಿದರೆ ಸಿಗುತ್ತದಲ್ಲ, ಅದೇ ಮುಂಡಗೋಡ. ಅದರ ಶ್ರೇಯ ಅವರಿಗೇ ಇರಲಿ. ಬೈಲುಕುಪ್ಪೆಯದ್ದನ್ನು ಜತ್ತಿಯವರಿಗೆ ಕೊಡೋಣ.

ಇಲ್ಲಿ ಒಂದು ಮಾತು. ಶರಣು ಬಂದವರನ್ನು ಕಾಯುವ ವಿಷಯ ಬಂದಾಗ ನಮ್ಮ ಕಡೆಯವರು ಚನ್ನಮ್ಮನ ಹೆಸರು ಹೇಳುತ್ತಾರೆ. ಆದರೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ್ದು ಕೆಳದಿಯ ಚೆನ್ನಮ್ಮ, 1689ರ ಹೊತ್ತಿಗೆ. ಕಿತ್ತೂರಿನ ಚನ್ನಮ್ಮ ಬೇರೆ. ಈಕೆ 1824ರಲ್ಲಿ ಬ್ರಿಟಿಷರ ವಿರುದ್ಧ ನಿಂತು, ಸೆರೆಸಿಕ್ಕಿ, 1829ರಲ್ಲಿ ಬೈಲಹೊಂಗಲದಲ್ಲೇ ತೀರಿಕೊಂಡಳು. ಇಬ್ಬರೂ ದೊಡ್ಡವರೇ. ಕಲಸಬೇಡಿ ಅಷ್ಟೇ.

ಜಗತ್ತಿನ ಕಡೆ ನೋಡಿದರೆ, ನಿರಾಶ್ರಿತರ ಹೊಣೆ ಹೊತ್ತ ಮೊದಲ ಅಂತಾರಾಷ್ಟ್ರೀಯ ಅಧಿಕಾರಿ ನಾರ್ವೆಯ ಧ್ರುವಯಾತ್ರಿ ಫ್ರಿಟ್ಜಾಫ್ ನಾನ್ಸೆನ್. 1921ರಲ್ಲಿ ರಾಷ್ಟ್ರಸಂಘ ನೇಮಿಸಿತು. ದೇಶವೇ ಇಲ್ಲದವರಿಗೆ ಅವರು ಒಂದು ಕಾಗದ ಕೊಟ್ಟರು, ನಾನ್ಸೆನ್ ಪಾಸ್‌ಪೋರ್ಟ್. ಮರುವರ್ಷವೇ ನೊಬೆಲ್ ಶಾಂತಿ ಪ್ರಶಸ್ತಿ. ಆಮೇಲೆ 1951ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದ ಬಂತು. ಭಾರತ ಅದಕ್ಕೆ ಇವತ್ತಿನವರೆಗೂ ಸಹಿ ಹಾಕಿಲ್ಲ. ಸಹಿ ಹಾಕದ ದೇಶದ ಒಂದು ರಾಜ್ಯ, ಯಾವ ಕಾನೂನಿನ ಒತ್ತಾಯವೂ ಇಲ್ಲದೆ, ಸಾವಿರಾರು ಎಕರೆ ಕೊಟ್ಟಿತು. ಇದು ಸಣ್ಣದಲ್ಲ ಸ್ವಾಮಿ.

ಆದರೆ ಸವದತ್ತಿಯಲ್ಲಿ ನಿಂತು ಇದನ್ನು ಹೇಳುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. ಅದೇ ಅರವತ್ತರ ದಶಕದಲ್ಲಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟುತ್ತಿದ್ದರು. ರೇಣುಕಾ ಸಾಗರದ ನೀರು ನಮ್ಮವರ ಹೊಲ, ಮನೆ, ಗುಡಿಗಳನ್ನು ನುಂಗಿತು. ‘ಹೊರಗಿನವರಿಗೆ ಸಾವಿರ ಎಕರೆ, ನಮಗೆ ಯಾಕೆ ಅಲೆದಾಟ?’ ಅಂತ ಮುಳುಗಡೆಯ ರೈತ ಕೇಳಿದರೆ ಅದರಲ್ಲಿ ತಪ್ಪೇನಿದೆ? ನನ್ನ ಪ್ರಕಾರ ಇಲ್ಲ. ಆದರೆ ಸಿಟ್ಟು ಟಿಬೆಟನ್ನರ ಮೇಲೆ ತಿರುಗಬಾರದು. ಅವರಿಗೆ ಕೊಟ್ಟಿದ್ದು ತೋಟ ಅಲ್ಲ, ಕಾಡು. ಮರ ಕಡಿದು, ಆನೆ ಕಾದು, ಗೋವಿನಜೋಳ ಬಿತ್ತಿ ಬದುಕಿದರು. ಭೂಮಿ ಈಗಲೂ ಅವರದ್ದಲ್ಲ, ಲೀಸ್ ಮೇಲಿನದು. ಮುಂಡಗೋಡದಲ್ಲಿ ಹುಟ್ಟಿ, ಕನ್ನಡ ಮಾತಾಡುವವನಿಗೂ ತನ್ನ ಹೆಸರಿನಲ್ಲಿ ಪಹಣಿ ಇಲ್ಲ.

ಇನ್ನು ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ. ಈ ಟಿಬೆಟನ್ನರ ಪುನರ್ವಸತಿಗಾಗಿಯೇ 1968ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ, ಅಂದರೆ ಮೈರಾಡ. ಟಿಬೆಟನ್ನರ ಕೆಲಸ ಮುಗಿದ ಮೇಲೆ ಅದು ನಮ್ಮ ಬಡವರ ಕಡೆ ತಿರುಗಿತು. ಎಂಬತ್ತರ ದಶಕದಲ್ಲಿ ಸಹಕಾರಿ ಸಂಘಗಳು ಒಡೆದು ಹೋದ ಹಳ್ಳಿಗಳಲ್ಲಿ ಜನ ಸಣ್ಣ ಸಣ್ಣ ಗುಂಪು ಕಟ್ಟಿಕೊಂಡು ಉಳಿತಾಯ ಶುರುಮಾಡಿದರು. ಮೈರಾಡ ಅದನ್ನು ಬೆಳೆಸಿತು. ನಬಾರ್ಡ್ ಅದನ್ನು ನೋಡಿ ಹಣ ಕೊಟ್ಟಿತು, 1992ರಲ್ಲಿ ಇಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ದೇಶದಲ್ಲೇ ಶುರುವಾಯಿತು. ಅದೇ ನಮ್ಮ ಸ್ವಸಹಾಯ ಸಂಘ.

ಬೈಲಹೊಂಗಲದಲ್ಲಾಗಲಿ ರಾಮದುರ್ಗದಲ್ಲಾಗಲಿ ವಾರಕ್ಕೊಮ್ಮೆ ಕಟ್ಟೆ ಮೇಲೆ ಕೂತು, ಪಾಸ್‌ಬುಕ್ ಬಿಚ್ಚಿ, ಹತ್ತು ಇಪ್ಪತ್ತು ರೂಪಾಯಿ ಲೆಕ್ಕ ಹಾಕಿ, ಎಮ್ಮೆ ಸಾಲ ಯಾರಿಗೆ ಮೊದಲು ಅಂತ ಜಗಳ ಆಡುತ್ತಾರಲ್ಲ ನಮ್ಮ ಹೆಣ್ಣುಮಕ್ಕಳು, ಆ ಪದ್ಧತಿಯನ್ನು ಬೆಳೆಸಿದ ಕೈಗಳು ಮೊದಲು ಕೆಲಸ ಕಲಿತದ್ದು ಟಿಬೆಟನ್ ಶಿಬಿರಗಳಲ್ಲಿ.