ಹಿರೇನಲ್ಲೂರು ಸೀಮೆಯಲ್ಲಿ ಮಹಾವ್ಯಾಧಿಯೂ ಗ್ರಾಮಪಂಚಾಯಿತಿಯೂ

ಕಡೂರು ತಾಲ್ಲೂಕಿನ ಹೋಬಳಿಗಳಲ್ಲೊಂದಾದ ಹಿರೇನಲ್ಲೂರು, ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಾಲಯದಿಂದ ಹೆಸರಾದ ಗ್ರಾಮವು. ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಕಾಫಿಯ ತೋಟಗಳೂ ಬಾಬಾಬುಡನ್ ಗಿರಿಶ್ರೇಣಿಯೂ ಎಡೆಬಿಡದ ಮಳೆಯೂ ಪರಸ್ಥಳದವರ ಕಣ್ಣಿಗೆ ಕಟ್ಟುವುವು. ಈ ಹೋಬಳಿಯಾದರೋ ಬಯಲುಸೀಮೆಗೆ ಸೇರಿದುದು. ಇಲ್ಲಿ ಮಳೆ ಅಲ್ಪ, ರಾಗಿಯೂ ತೆಂಗೂ ಜೀವನಾಧಾರ. ಕೆರೆ ಬತ್ತಿದ ವರ್ಷಗಳಲ್ಲಿ ಕೊಳವೆಬಾವಿಯೇ ಗತಿ. ಇಂತಹ ಸೀಮೆಯಲ್ಲಿ 2020 ಮತ್ತು 2021ನೆಯ ಇಸವಿಗಳ ಕೊರೋನಾ ಮಹಾವ್ಯಾಧಿಯ ಕಾಲಕ್ಕೆ ಗ್ರಾಮಪಂಚಾಯಿತಿಗಳಿಗೆ ಒದಗಿದ ಹೊಣೆ ಯಾವುದು, ಜನಜೀವನವು ಯಾವ ರೀತಿಯಲ್ಲಿ ಮಾರ್ಪಟ್ಟಿತು ಎಂಬುದು ಬರೆದಿಡತಕ್ಕ ವಿಷಯವೇ ಆಗಿದೆ.

ಮಹಾವ್ಯಾಧಿಯು ಈ ನಾಡಿಗೆ ಹೊಸತಲ್ಲ. 1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು 1898ರಲ್ಲಿ ಬೆಂಗಳೂರನ್ನು ಹೊಕ್ಕು, ಅಲ್ಲಿಂದ ಮೈಸೂರು ಸಂಸ್ಥಾನದ ಊರೂರಿಗೂ ಹಬ್ಬಿತು. ಆಗ್ಗೆ ಬೀರೂರು ಕಡೂರುಗಳ ಮೇಲೆ ಹರಿಹರಕ್ಕೆ ಹೋಗುವ ರೈಲುದಾರಿಯು ಸಿದ್ಧವಾಗಿ ಹತ್ತು ವರ್ಷವೂ ತುಂಬಿರಲಿಲ್ಲ. ಧಾನ್ಯವನ್ನೂ ಯಾತ್ರಿಕರನ್ನೂ ಸಾಗಿಸಿದ ದಾರಿಯೇ ವ್ಯಾಧಿಗೂ ದಾರಿಯಾಯಿತು. ಇಲಿ ಸತ್ತು ಬಿದ್ದುದನ್ನು ಕಂಡೊಡನೆ ಊರ ಜನರು ಮನೆಗೆ ಬೀಗ ಹಾಕಿ, ದನಕರುಗಳೊಡನೆ ಹೊಲಗಳಿಗೆ ತೆರಳಿ, ಸೋಗೆಯ ಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ಬಿಡಾರ ಮಾಡುವುದು ವಾಡಿಕೆಯಾಗಿದ್ದಿತು. ಸರಕಾರದ ಆಜ್ಞೆಗಿಂತ ಮುಂಚಿತವಾಗಿಯೇ ಹಿರಿಯರು ಕಂಡುಕೊಂಡ ಉಪಾಯವಿದು. 1918ರ ಇನ್‌ಫ್ಲುಯೆಂಜಾ ಜ್ವರಕ್ಕೆ ಈ ಉಪಾಯವೂ ಸಾಗಲಿಲ್ಲ. ಉಸಿರಿನಿಂದ ಹರಡುವ ವ್ಯಾಧಿಯಿಂದ ಊರು ಬಿಟ್ಟು ತಪ್ಪಿಸಿಕೊಳ್ಳುವುದು ಹೇಗೆ? ಆ ವರ್ಷವೇ ಮುಂಗಾರು ಕೈಕೊಟ್ಟು ಧಾನ್ಯದ ಬೆಲೆ ಏರಿದ್ದಿತು. ಹಿಂದೂದೇಶದಲ್ಲಿ ಕೋಟಿಗೂ ಮಿಕ್ಕ ಜನರು ಅಳಿದರೆಂದು ಲೆಕ್ಕ. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯು ಹತ್ತು ವರ್ಷದ ಹಿಂದಿನದಕ್ಕಿಂತ ಕಡಿಮೆಯಾಗಿ ಕಂಡುಬಂದಿತು. ಅಂದಿನ ಕಡೂರು ಜಿಲ್ಲೆಯ ಹಳ್ಳಿಗಳಲ್ಲಿ ಶಾನುಭೋಗ ಪಟೇಲರ ಹೊರತು ಆಡಳಿತವೆಂಬುದು ಹೆಚ್ಚಾಗಿ ಇರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಗ್ರಾಮಸುಧಾರಣೆಯ ಏರ್ಪಾಡು ಆರಂಭವಾಗಿದ್ದರೂ, ಪಂಚಾಯಿತಿಯು ಬಲವಾಗಿ ಬೇರೂರುವುದಕ್ಕೆ 1926ರ ಕಾನೂನಿನವರೆಗೂ ಕಾಯಬೇಕಾಯಿತು.

ನೂರೆರಡು ವರ್ಷಗಳು ಕಳೆದ ಮೇಲೆ ಬಂದ ಕೊರೋನಾವು ಪಂಚಾಯಿತಿಯಿದ್ದ ಹಳ್ಳಿಗಳನ್ನು ಕಂಡಿತು. 2020ರ ಮಾರ್ಚಿ 11ರಂದು ವಿಶ್ವ ಆರೋಗ್ಯ ಸಂಸ್ಥೆಯವರು ಇದನ್ನು ಮಹಾವ್ಯಾಧಿಯೆಂದು ಸಾರಿದರು. ದೇಶದ ಮೊದಲ ಕೊರೋನಾ ಮರಣವೂ ಕರ್ನಾಟಕದ್ದೇ. ಅದು ಕಲಬುರಗಿಯ ವೃದ್ಧರೊಬ್ಬರದು. ಲಾಕ್‌ಡೌನೆಂದು ಪ್ರಸಿದ್ಧವಾದ ದಿಗ್ಬಂಧನವು ಜಾರಿಗೆ ಬಂದ ಮಾರ್ಚಿ 25ನೆಯ ದಿನವು ಯುಗಾದಿಯಾಗಿದ್ದಿತು. ಬೇವುಬೆಲ್ಲದ ದಿನ ದೇವಾಲಯದ ಬಾಗಿಲು ಮುಚ್ಚಿದುದನ್ನು ಹಿಂದೆ ಕಂಡವರಿರಲಿಲ್ಲ. ಫಾಲ್ಗುಣದಿಂದ ವೈಶಾಖದವರೆಗೆ ಈ ಬಯಲಿನಲ್ಲಿ ರಥೋತ್ಸವಗಳ ಕಾಲ. ಸುಗ್ಗಿ ಮುಗಿದು, ಮುಂಗಾರು ಬರುವುದಕ್ಕೆ ಮೊದಲು ಊರಿಗೂರೇ ನೆಂಟರನ್ನು ಕರೆದು ತೇರನ್ನೆಳೆಯುವ ಆ ಕಾಲದ ಬಹುಭಾಗವು ಮನೆಯೊಳಗೆ ಕಳೆಯಿತು. ಏಪ್ರಿಲ್ 26ರ ಬಸವಜಯಂತಿಯನ್ನೂ ಮನೆಮನೆಯ ಜಗಲಿಯಲ್ಲಿಯೇ ಆಚರಿಸಬೇಕಾಯಿತು. ಮದುವೆಗೆ ಐವತ್ತು ಮಂದಿ, ಶವಸಂಸ್ಕಾರಕ್ಕೆ ಇಪ್ಪತ್ತು ಮಂದಿ ಎಂದು ಕಟ್ಟಳೆಯಾಯಿತು. ಊರಿನ ಮದುವೆಗೆ ಸಾವಿರ ಎಲೆ ಹಾಕುತ್ತಿದ್ದ ಜನರಿಗೆ ಈ ಐವತ್ತರೊಳಗೆ ಯಾರನ್ನು ಕರೆಯುವುದು, ಯಾರನ್ನು ಬಿಡುವುದು ಎಂಬುದೇ ದೊಡ್ಡ ಕಷ್ಟವಾಗಿ ಪರಿಣಮಿಸಿತು.

ಚಿಕ್ಕಮಗಳೂರು ಜಿಲ್ಲೆಯು ಆರಂಭದಲ್ಲಿ ಸೋಂಕಿಲ್ಲದ ಹಸುರು ವಲಯವೆನಿಸಿದ್ದಿತು. ಭೀತಿಯು ಸೋಂಕಿಗಿಂತ ಮೊದಲೇ ಬಂದಿತೆಂಬುದಕ್ಕೆ ಸಂದೇಹವಿಲ್ಲ. ನಾಡಿನ ಅನೇಕ ಹಳ್ಳಿಗಳಲ್ಲಿ ಜನರು ಊರಬಾಗಿಲಿಗೆ ಮುಳ್ಳನ್ನೂ ಕಲ್ಲನ್ನೂ ಅಡ್ಡವಿಟ್ಟರು. ಬೆಂಗಳೂರಿನಿಂದಲೂ ಮುಂಬಯಿಯಿಂದಲೂ ಮರಳಿದವರು ಬೇರೆಯವರೇನೂ ಆಗಿರಲಿಲ್ಲ. ಅದೇ ಊರಿನ ಮಕ್ಕಳು, ದುಡಿಮೆಗಾಗಿ ಹೋದವರು. ಹಬ್ಬಕ್ಕೆ ಬಂದಾಗ ಆರತಿಯೆತ್ತಿದ ಮನೆಯವರೇ ಈಗ ದೂರ ನಿಲ್ಲೆನ್ನಬೇಕಾಯಿತು. ಅವರ ಕೈಗೆ ಮುದ್ರೆಯೊತ್ತಿ, ಮನೆಯಲ್ಲಿಯೋ ವಿದ್ಯಾರ್ಥಿನಿಲಯಗಳಲ್ಲಿಯೋ ಪ್ರತ್ಯೇಕವಾಗಿರಿಸಿ, ಅನ್ನನೀರಿಗೆ ಏರ್ಪಡಿಸುವ ಕೆಲಸದಲ್ಲಿ ಪಂಚಾಯಿತಿಯ ಕಾರ್ಯಪಡೆಗೂ ಪಾಲು ಬಂದಿತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಗ್ರಾಮಲೆಕ್ಕಿಗ, ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ಇವರೆಲ್ಲರೂ ಆ ದುಡಿಮೆಯಲ್ಲಿ ಸೇರಿದರು. ಇವರಲ್ಲಿ ಆಶಾ ಕಾರ್ಯಕರ್ತೆಯರ ಶ್ರಮವು ವಿಶೇಷವಾಗಿ ಸ್ಮರಣೀಯವು. ಮನೆಮನೆಗೂ ಹೋಗಿ ಜ್ವರ ಕೆಮ್ಮುಗಳ ಲೆಕ್ಕ ಬರೆದವರು ಅವರೇ, ಸಂಶಯಗೊಂಡ ಜನರ ಬೈಗುಳವನ್ನು ತಿಂದವರೂ ಅವರೇ. ಹನ್ನೆರಡು ಸಾವಿರ ರೂಪಾಯಿಗಳ ಗೌರವಧನವು ಬೇಕೆಂದು 2020ರ ಜುಲೈಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಮುಷ್ಕರ ಹೂಡಿದುದು ನ್ಯಾಯವಲ್ಲವೆಂದು ಹೇಳುವುದು ಕಷ್ಟ.

ಕೈಯನ್ನು ಪದೇ ಪದೇ ತೊಳೆಯಿರಿ ಎಂಬುದು ಆ ದಿನಗಳ ಮಹಾಮಂತ್ರ. ಇದನ್ನು ಸಾರುವುದು ಸುಲಭ. ಬೇಸಗೆಯಲ್ಲಿ ದಿನಬಿಟ್ಟು ದಿನ ನೀರು ಬರುವ ಬಯಲುಸೀಮೆಯ ಬೀದಿಗಳಲ್ಲಿ ನಡೆಸುವುದು ಹೇಗೆ? ಕೊಳಾಯಿಯ ಮುಂದೆ ಕೊಡಗಳನ್ನು ಸಾಲಿಟ್ಟು ಕಾಯುವ ಹೆಂಗಸರನ್ನು ಮಾರುಮಾರು ದೂರ ನಿಲ್ಲಿಸುವುದೂ ಅಷ್ಟೇ ಕಷ್ಟ. ಹೀಗಾಗಿ ಬೀದಿಗೆ ಔಷಧಿ ಸಿಂಪಡಿಸುವುದು, ಚರಂಡಿಗೆ ಬ್ಲೀಚಿಂಗ್ ಪುಡಿ ಚೆಲ್ಲುವುದು ಮೊದಲಾದ ಕಣ್ಣಿಗೆ ಕಾಣುವ ಕಾರ್ಯಗಳಿಗಿಂತ, ಹೊತ್ತಿಗೆ ಸರಿಯಾಗಿ ಮೋಟಾರು ಹಾಕಿ ನೀರು ಬಿಟ್ಟ ನೀರುಗಂಟಿಯ ಕೆಲಸವೇ ಹೆಚ್ಚಿನದೆಂದು ಹೇಳಬೇಕು. ಪತ್ರಿಕೆಗಳಲ್ಲಿ ಅವನ ಚಿತ್ರವು ಬಂದುದು ಅಪರೂಪ.

ಅನ್ನದ ಪ್ರಶ್ನೆಯು ಇದಕ್ಕೂ ಮಿಗಿಲಾಗಿದ್ದಿತು. ಮಾರುಕಟ್ಟೆಗೆ ಸಾಗಣೆ ತಡೆದುದರಿಂದ ನಾಡಿನ ಎಷ್ಟೋ ರೈತರು ತರಕಾರಿಯನ್ನೂ ಹಣ್ಣನ್ನೂ ಹೊಲದಲ್ಲಿಯೇ ಉತ್ತುಬಿಟ್ಟರು. ಕೇಂದ್ರ ಸರಕಾರದವರು 2020ರ ಏಪ್ರಿಲಿನಿಂದ ತಲೆಗೆ ಐದು ಕಿಲೋ ಧಾನ್ಯವನ್ನು ಉಚಿತವಾಗಿ ಕೊಡಿಸಿದುದು ಬಡವರ ಒಲೆಯನ್ನು ಆರದಂತೆ ಕಾಯಿತು. ಉದ್ಯೋಗಖಾತರಿಯ ಕೂಲಿಯನ್ನು ದಿನಕ್ಕೆ 249 ರೂಪಾಯಿಗಳಿಂದ 275ಕ್ಕೆ ಏರಿಸಲಾಯಿತು. ಪಟ್ಟಣದಿಂದ ಮರಳಿದ ಯುವಕರು ಹೊಲದ ಬದು ಹಾಕುವುದಕ್ಕೂ, ಕೃಷಿಹೊಂಡ ತೋಡುವುದಕ್ಕೂ, ಕೆರೆಯ ಹೂಳೆತ್ತುವುದಕ್ಕೂ ಹಾರೆ ಗುದ್ದಲಿ ಹಿಡಿದರು. ಕೂಲಿಯ ಚೀಟಿ ಬರೆಯುವ ಹೊಣೆಯು ಪಂಚಾಯಿತಿಯದಾದ್ದರಿಂದ, ಹಿಂದೆ ಕಂದಾಯಕ್ಕೆ ಹೆದರಿ ಪಂಚಾಯಿತಿಯ ಕಟ್ಟಡದ ಕಡೆ ಸುಳಿಯದವರೂ ಅದರ ಬಾಗಿಲಲ್ಲಿ ನಿಂತರು. ನಾಡಿನ ಮಠಗಳ ಅನೇಕ ದಾಸೋಹಗಳು ಪಂಕ್ತಿಭೋಜನವನ್ನು ನಿಲ್ಲಿಸಬೇಕಾಗಿ ಬಂದರೂ, ದವಸವನ್ನು ಕಟ್ಟಿ ಮನೆಗೆ ಕಳುಹಿಸುವ ಮಾರ್ಗವನ್ನು ಹಿಡಿದುವು.

ಇಷ್ಟರಲ್ಲಿ ಒಂದು ವಿಚಿತ್ರವು ಸಂಭವಿಸಿತು. ಕರ್ನಾಟಕದ ಬಹುತೇಕ ಗ್ರಾಮಪಂಚಾಯಿತಿಗಳ ಐದು ವರ್ಷದ ಅವಧಿಯು 2020ರ ನಡುಬೇಸಗೆಯ ನಂತರ ಮುಗಿಯಿತು. ವ್ಯಾಧಿಯ ಕಾರಣದಿಂದ ಚುನಾವಣೆಯನ್ನು ಮುಂದೂಡಿ, ಅಧಿಕಾರಿಗಳನ್ನು ಆಡಳಿತಾಧಿಕಾರಿಗಳನ್ನಾಗಿ ನೇಮಿಸಲಾಯಿತು. ಪಂಚಾಯಿತಿಯು ಅತ್ಯಂತ ಅವಶ್ಯವಾದ ಹೊತ್ತಿನಲ್ಲಿಯೇ ಪಂಚರಿಲ್ಲದ ಪಂಚಾಯಿತಿಯಾಯಿತು. ಡಿಸೆಂಬರ್ 22 ಮತ್ತು 27ರಂದು ಮತದಾನವೂ 30ರಂದು ಎಣಿಕೆಯೂ ನಡೆದು ಹೊಸ ಸದಸ್ಯರು ಬಂದರು. ಹಲವರು ಮೊದಲ ಸಲ ಗೆದ್ದವರು. ಸಭೆಯ ನಡವಳಿಯನ್ನು ಕಲಿಯುವುದರೊಳಗೆ 2021ರ ಏಪ್ರಿಲಿನ ಎರಡನೆಯ ಅಲೆಯು ಅವರ ಮೇಲೆರಗಿತು.

ಮೊದಲನೆಯ ಅಲೆ ಭಯವನ್ನು ತಂದಿದ್ದರೆ, ಎರಡನೆಯದು ಹೆಣಗಳನ್ನೇ ತಂದಿತು. ಆಗಲೇ ಸದಸ್ಯರ ಯೋಗ್ಯತೆಯು ತಿಳಿದುಬಂದುದು. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ, ಯಾರು ಸೋಂಕನ್ನು ಮುಚ್ಚಿಟ್ಟಿದ್ದಾರೆ ಎಂಬುದು ಕಚೇರಿಯ ಅಧಿಕಾರಿಗೆ ತಿಳಿಯದು. ಅದೇ ಬೀದಿಯ ಸದಸ್ಯನಿಗೆ ತಿಳಿಯುತ್ತದೆ. ಒಂದೇ ಕೋಣೆಯ ಮನೆಯಲ್ಲಿ ರೋಗಿಯನ್ನು ಬೇರೆಯಿರಿಸುವುದು ಅಸಾಧ್ಯವಾದ್ದರಿಂದ, ಮೇ ತಿಂಗಳಲ್ಲಿ ಸರಕಾರದವರು ಹಳ್ಳಿಯ ಸೋಂಕಿತರನ್ನು ಆರೈಕೆ ಕೇಂದ್ರಗಳಿಗೆ ಸಾಗಿಸಬೇಕೆಂದು ವಿಧಿಸಿದರು. ಹೋಗಲೊಲ್ಲೆನೆಂದು ಹಟ ಹಿಡಿದವರನ್ನು ಒಪ್ಪಿಸುವುದಕ್ಕೆ ಪೋಲೀಸಿನವರ ಲಾಠಿಗಿಂತ ‘ಅಜ್ಜಾ, ಹತ್ತು ದಿವಸ ಅಷ್ಟೆ, ನಿಮ್ಮ ದನಕ್ಕೆ ಹುಲ್ಲು ನಾವು ಹಾಕ್ತೀವಿ’ ಎಂಬಂಥ ಮಾತೇ ಹೆಚ್ಚು ಫಲಿಸತಕ್ಕುದು. ಜನವರಿ 16ರಿಂದ ಆರಂಭವಾದ ಲಸಿಕೆಗೂ ಇದೇ ನ್ಯಾಯವು ಸಲ್ಲುವುದು. ಮೊದಮೊದಲು ಚುಚ್ಚುಮದ್ದಿಗೆ ಹೆದರಿ ಹೊಲಕ್ಕೆ ಹೋಗಿ ಅಡಗಿದವರುಂಟು; ಕೆಲವು ವಾರಗಳಲ್ಲಿಯೇ ಲಸಿಕೆ ಸಾಲದೆ ಸರದಿಯಲ್ಲಿ ನಿಂತು ಬರಿಗೈಯಲ್ಲಿ ಮರಳಿದವರೂ ಉಂಟು.

ಭಕ್ತಜನರ ಮನಸ್ಸಿಗೆ ಎಲ್ಲಕ್ಕಿಂತಲೂ ಹೆಚ್ಚು ನೋವನ್ನುಂಟುಮಾಡಿದುದು ಅಂತ್ಯಸಂಸ್ಕಾರದ ವಿಷಯವು. ಲಿಂಗಾಯತರಲ್ಲಿ ಮೃತರಿಗೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಕುಳ್ಳಿರಿಸಿದ ಭಂಗಿಯಲ್ಲಿ ಮೆರವಣಿಗೆ ಮಾಡಿ, ಇಷ್ಟಲಿಂಗವನ್ನು ಕರದಲ್ಲಿಟ್ಟು ಸಮಾಧಿ ಮಾಡುವುದು ರೂಢಿಯಷ್ಟೆ. ಸರಕಾರದ ನಿಯಮಗಳ ಮೇರೆಗೆ ಸೋಂಕಿನಿಂದ ಮಡಿದವರ ದೇಹಕ್ಕೆ ಸ್ನಾನವಿಲ್ಲ, ಅದನ್ನು ಮುಟ್ಟುವಂತಿಲ್ಲ; ಮುಟ್ಟದೆ ಮಾಡುವ ಕ್ರಿಯೆಗಳಿಗೆ ಮಾತ್ರ ಅವಕಾಶ. ಚೀಲದಲ್ಲಿ ಸುತ್ತಿದ ದೇಹವನ್ನು ಯಂತ್ರವು ತೋಡಿದ ಗುಂಡಿಯಲ್ಲಿಳಿಸುವಾಗ ಮಗನು ದೂರದಲ್ಲಿ ನಿಂತು ನೋಡಬೇಕಾಗಿದ್ದಿತು. 2020ರ ಜೂನ್ ಕಡೆಯಲ್ಲಿ ಬಳ್ಳಾರಿಯಲ್ಲಿ ಹೆಣಗಳನ್ನು ಒಂದರ ಮೇಲೊಂದು ಎಸೆದ ದೃಶ್ಯವು ನಾಡಿನಲ್ಲೆಲ್ಲ ಹರಡಿ, ಜಿಲ್ಲಾಡಳಿತವು ಕ್ಷಮೆ ಕೇಳಬೇಕಾದುದನ್ನು ಜನರು ಮರೆತಿಲ್ಲ. ಜಂಗಮರು ದೂರದಿಂದಲೇ ವಿಭೂತಿಯನ್ನು ಎರಚಿ ಮಂತ್ರ ಹೇಳಿದರೆ ಸಾಲದೇ ಎಂಬ ಚರ್ಚೆಯು ಎಷ್ಟೋ ಮನೆಗಳಲ್ಲಿ ನಡೆಯಿತು. ಆಪತ್ಕಾಲದಲ್ಲಿ ಅದೇ ಸಾಕೆಂದು ಹಿರಿಯರು ತೀರ್ಮಾನಿಸಿದುದು ವಿವೇಕವೇ ಸರಿ. ಹಾಗೆಂದು ದುಃಖವು ತಗ್ಗಲಿಲ್ಲ.

ಶಾಲೆಯ ಸಂಗತಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ, 2020ರ ಆಗಸ್ಟಿನಲ್ಲಿ ವಿದ್ಯಾಗಮವೆಂಬ ಹೆಸರಿನಿಂದ ಉಪಾಧ್ಯಾಯರು ಅರಳಿಕಟ್ಟೆಗಳಲ್ಲಿಯೂ ದೇವಾಲಯದ ಜಗಲಿಗಳಲ್ಲಿಯೂ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಸೋಂಕು ಹರಡಿದ್ದರಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು.

ವ್ಯಾಧಿಯು ಇಳಿದ ಮೇಲೆ ಪರಿಹಾರದ ಕಾಗದಗಳ ಕಾಲವು ಬಂದಿತು. ಸೋಂಕಿನಿಂದ ಮೃತರಾದವರ ಕುಟುಂಬಕ್ಕೆ ಐವತ್ತು ಸಾವಿರ ರೂಪಾಯಿಗಳನ್ನು ಕೊಡುವ ಏರ್ಪಾಟನ್ನು 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನವರು ಒಪ್ಪಿದರು. ಸೋಂಕು ಪರೀಕ್ಷೆಯಿಂದ ದೃಢಪಟ್ಟು ಮೂವತ್ತು ದಿನದೊಳಗಾದ ಮರಣವು ಅದಕ್ಕೆ ಸಲ್ಲುವುದೆಂದು ನಿಯಮ. ಆದರೆ ಆ ಮೇ ತಿಂಗಳಿನಲ್ಲಿ ಪರೀಕ್ಷೆಗೆ ಹೋಗಲಾರದೆ, ಹಾಸಿಗೆ ಸಿಕ್ಕದೆ, ಮನೆಯ ಕೋಣೆಯಲ್ಲಿಯೇ ಉಸಿರು ಬಿಟ್ಟವರೂ ಹಳ್ಳಿಗಳಲ್ಲಿ ಇದ್ದರು. ಅಂಥವರ ಮನೆಯವರು ದಾಖಲೆಗಾಗಿ ಕಚೇರಿಗಳನ್ನು ಸುತ್ತಿದರು. ಮರಣದ ರಿಜಿಸ್ಟರಿನಲ್ಲಿ ಹೆಸರೂ ತಾರೀಖೂ ದೊರೆತುವು. ವ್ಯಾಧಿಯ ಹೆಸರು ಮಾತ್ರ ಅಲ್ಲಿರಲಿಲ್ಲ.