ಬಲ್ಲಾಳನ ದಿಬ್ಬ ಯಾರದು?

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಕೋಲ್ಕತ್ತದ ಸಾಲ್ಟ್ ಲೇಕ್ ಬಡಾವಣೆಯ ಸೆಕ್ಟರ್ ಫೈವ್‌ಗೆ ಕೆಲಸಕ್ಕೆ ಹೋದ ಮಗಳು, ನೋಡಲು ಬಂದ ಅಪ್ಪ-ಅಮ್ಮನಿಗೆ ಆ ಬಡಾವಣೆಯಲ್ಲಿ ಹಳೆಯದೇನನ್ನೂ ತೋರಿಸಲಾರಳು. ಸಾಲ್ಟ್ ಲೇಕ್‌ನ ನೆಲವೇ ಹೊಸದು. 1962ರಲ್ಲಿ ಯುಗೊಸ್ಲಾವಿಯಾದ ಕಂಪನಿಯೊಂದು ಹೂಗ್ಲಿ ನದಿಯ ಹೂಳನ್ನು ನೀರಿನೊಂದಿಗೆ ಕೊಳವೆಗಳಲ್ಲಿ ಹಾಯಿಸಿ, ಉಪ್ಪುನೀರಿನ ಜೌಗನ್ನು ತುಂಬಿಸತೊಡಗಿತು. ಹಳೆಯದು ಬೇಕೆಂದರೆ ಉತ್ತರಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದೂರ, ನದಿಯಾ ಜಿಲ್ಲೆಗೆ ಹೋಗಬೇಕು. ಮಾಯಾಪುರದ ಪಕ್ಕದ ಬಾಮನ್‌ಪುಕುರ್‌ನಲ್ಲಿ ‘ಬಲ್ಲಾಳ್ ಢಿಪಿ’ ಎಂಬ ಇಟ್ಟಿಗೆಯ ದಿಬ್ಬವಿದೆ. ಢಿಪಿ ಎಂದರೆ ದಿಬ್ಬವೇ. ಹಳೇಬೀಡು ಕಂಡವರಿಗೆ ಬಲ್ಲಾಳ ಎಂಬ ಹೆಸರು ಕೇಳಿದೊಡನೆ ಕಿವಿ ನಿಮಿರುತ್ತದೆ. ದಿಬ್ಬಕ್ಕೆ ಹೆಸರಾದವನು ಬಂಗಾಳವನ್ನಾಳಿದ ಸೇನವಂಶದ, ಹನ್ನೆರಡನೆಯ ಶತಮಾನದ ಬಲ್ಲಾಳಸೇನ; ಅವನು ಹೊಯ್ಸಳನಲ್ಲ, ನಿಜ. ಆದರೆ ಅವನ ವಂಶದವರು ಶಾಸನಗಳಲ್ಲಿ ತಮ್ಮನ್ನು ಕರ್ಣಾಟ ಕ್ಷತ್ರಿಯರೆಂದು ಕರೆದುಕೊಂಡವರು. ಅಷ್ಟು ಸಿಕ್ಕರೆ ಸಾಕು, ‘ಬಂಗಾಳವನ್ನೂ ನಮ್ಮವರೇ ಆಳಿದ್ದರು’ ಎಂಬ ಮಾತು ಹೊರಡುತ್ತದೆ. ಆ ಮಾತು ಅರ್ಧ ಮಾತ್ರ ಸರಿ. ಸೇನರು ಕನ್ನಡನಾಡಿನ ಪರವಾಗಿ ಗೆದ್ದುಕೊಂಡವರಲ್ಲ. ಕೆಲಸ ಹುಡುಕಿ ಬಂದು, ನಿಂತು, ಅಲ್ಲಿಯವರೇ ಆದವರು ಎಂದು ನನಗೆ ತೋರುತ್ತದೆ.

ಇದಕ್ಕೆ ಮೊದಲ ಆಧಾರ ಸೇನರದ್ದಲ್ಲ, ಅವರಿಗಿಂತ ಮೊದಲು ಬಂಗಾಳವನ್ನಾಳಿದ ಪಾಲರದು. ಒಂಬತ್ತನೆಯ ಶತಮಾನದ ದೇವಪಾಲನ ಮುಂಗೇರ್ ತಾಮ್ರಪಟದಲ್ಲಿ, ಮುಂದಿನ ಪಾಲ ದತ್ತಿಗಳಲ್ಲೂ, ಅರಸನ ಸೇವೆಯಲ್ಲಿದ್ದವರ ಪಟ್ಟಿಯೊಂದು ಬರುತ್ತದೆ: ಗೌಡ, ಮಾಳವ, ಖಸ, ಹೂಣ, ಕುಲಿಕ, ಕರ್ಣಾಟ, ಲಾಟ. ಸೇನರು ಪಟ್ಟಕ್ಕೆ ಬರುವ ಎರಡು ಶತಮಾನಗಳ ಮೊದಲೇ ಕತ್ತಿ ಹಿಡಿದು ಸಂಬಳಕ್ಕೆ ನಿಂತ ಕನ್ನಡಿಗರು ಅಲ್ಲಿದ್ದರು ಎಂದಾಯಿತು. ಕಲ್ಯಾಣದ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ದಂಡಯಾತ್ರೆಯೇ ಸೇನರನ್ನು ಅಲ್ಲಿಗೆ ತಂದಿತು ಎನ್ನುವ ವಿದ್ವಾಂಸರಿದ್ದಾರೆ. ಅವನು ಗೌಡ, ಕಾಮರೂಪಗಳವರೆಗೆ ನುಗ್ಗಿದನೆಂದು ಅವನ ಆಸ್ಥಾನಕವಿ ಬಿಲ್ಹಣ ಬರೆದಿದ್ದಾನೆ. ದಂಡಿನ ಜೊತೆ ಹೋದವರಲ್ಲಿ ಕೆಲವರು ಉಳಿದಿರಬಹುದು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಸೇನರ ಶಾಸನಗಳು ಕಲ್ಯಾಣದ ಅರಸನನ್ನು ಒಡೆಯನೆಂದು ಹೇಳುವುದಿಲ್ಲ. ಇನ್ನೂ ಒಂದು ಮಾತಿದೆ. ಇದೇ ಕಾಲಕ್ಕೆ, 1097ರ ಹೊತ್ತಿಗೆ, ಮಿಥಿಲೆಯಲ್ಲಿ ನಾನ್ಯದೇವನೆಂಬ ಮತ್ತೊಬ್ಬ ಕರ್ಣಾಟನು ರಾಜ್ಯ ಕಟ್ಟಿದ. ಬಲ್ಲಾಳನ ತಂದೆ ವಿಜಯಸೇನ ತನ್ನ ದೇವಪಾರಾ ಪ್ರಶಸ್ತಿಯಲ್ಲಿ ಕೊಚ್ಚಿಕೊಳ್ಳುವುದು ಈ ನಾನ್ಯನನ್ನು ಸೋಲಿಸಿದ್ದನ್ನೇ! ಒಂದೇ ಧ್ವಜದ ಕೆಳಗಿನವರು ಹೀಗೆ ಬಡಿದಾಡುವುದಿಲ್ಲ.

ಆ ದೇವಪಾರಾ ಶಾಸನವನ್ನು ಇನ್ನಷ್ಟು ನೋಡಬೇಕು. ಈಗ ಬಾಂಗ್ಲಾದೇಶದಲ್ಲಿರುವ ರಾಜಶಾಹಿಯ ಬಳಿ 1865ರಲ್ಲಿ ಸಿಕ್ಕ ಆ ಕಲ್ಲು ಸಾಮಂತಸೇನನನ್ನು ಹೊಗಳುವಾಗ, ಕರ್ಣಾಟದ ಸಿರಿಯನ್ನು ದೋಚಿದವರನ್ನು ಅವನು ಸದೆಬಡಿದನೆಂದೂ ಮುಪ್ಪಿನಲ್ಲಿ ಗಂಗೆಯ ತೀರದ ಆಶ್ರಮಗಳನ್ನು ಸೇರಿದನೆಂದೂ ಹೇಳುತ್ತದೆ. ಅವನ ಮೊಮ್ಮಗನೇ ವಿಜಯಸೇನ. ನೆನಪು ಕರ್ಣಾಟದ್ದು, ಉಳಿದುದೆಲ್ಲ ಬಂಗಾಳದ್ದು. ಬರೆದವನು ಉಮಾಪತಿಧರ, ಕೆತ್ತಿದವನು ವರೇಂದ್ರದ ಶಿಲ್ಪಿಗಳ ಕೂಟಕ್ಕೆ ಶಿರೋಮಣಿಯೆನಿಸಿದ್ದ ಶೂಲಪಾಣಿ, ಅಕ್ಷರಗಳು ಬಂಗಾಳಿ ಲಿಪಿಯತ್ತ ಹೊರಳುತ್ತಿದ್ದ ರೂಪದವು. ಪ್ರಶಸ್ತಿಗಳನ್ನು ಎಲ್ಲ ಕಡೆ ಸಂಸ್ಕೃತದಲ್ಲೇ ಬರೆಯುತ್ತಿದ್ದರಲ್ಲ, ಕನ್ನಡವಿಲ್ಲದ್ದರಿಂದ ಏನು ಸಿದ್ಧವಾಯಿತು ಎಂದು ಕೇಳಬಹುದು. ಕೇಳತಕ್ಕದ್ದೇ. ಆದರೆ ಅದೇ ಕಾಲದ ಕಲ್ಯಾಣ ಚಾಲುಕ್ಯರ ನಾಡಿನಲ್ಲಿ ತೋಟ ಕೊಟ್ಟರೂ ಗಾಣದ ಎಣ್ಣೆ ಬಿಟ್ಟರೂ ಕನ್ನಡದಲ್ಲೇ ಕಲ್ಲು ನಿಲ್ಲಿಸುತ್ತಿದ್ದರು. ಆ ರೂಢಿಯನ್ನು ಸೇನರು ಹೊತ್ತೊಯ್ಯಲಿಲ್ಲ.

ಹಾಗಾದರೆ ಕರ್ಣಾಟ ಮೂಲವೆಂಬುದೇ ಕಟ್ಟುಕತೆ ಇರಬಾರದೇಕೆ? ಚಂದ್ರವಂಶದವರೆಂದೂ ಸೇನರು ಹೇಳಿಕೊಂಡಿದ್ದಾರೆ, ಅದನ್ನು ಯಾರೂ ನಂಬುವುದಿಲ್ಲ. ಚಂದ್ರನ ಹೆಸರು ಹೇಳಿಕೊಂಡರೆ ಎಲ್ಲ ಊರಿನಲ್ಲೂ ಮರ್ಯಾದೆ. ಗಂಗೆಯ ದಡದಲ್ಲಿ ಕರ್ಣಾಟದವನೆಂದರೆ ಹೊರಗಿನವನೆಂದು ಒಪ್ಪಿಕೊಂಡಂತೆ. ಲಾಭವಿಲ್ಲದ ಆ ಮಾತನ್ನು ಕಟ್ಟಿ ಹೇಳುವ ಅಗತ್ಯ ಕಾಣುವುದಿಲ್ಲ. ಬಲ್ಲಾಳಸೇನನ ರಾಣಿ ರಾಮದೇವಿ ಚಾಲುಕ್ಯರ ಮಗಳು ಎಂಬುದು ಅವರ ಮಗ ಲಕ್ಷ್ಮಣಸೇನನ ಮಾಧೈನಗರ ತಾಮ್ರಪಟದಿಂದ ತಿಳಿಯುತ್ತದೆ. ನುಡಿ ಬಿಟ್ಟವರು ನಂಟನ್ನು ಬಿಟ್ಟಿರಲಿಲ್ಲ.

ಇನ್ನು ಆ ದಿಬ್ಬ. ಪುರಾತತ್ತ್ವ ಇಲಾಖೆ 1980ರ ದಶಕದಲ್ಲಿ ಅಗೆದಾಗ ಸುತ್ತುಗೋಡೆಯ ನಡುವೆ ದೊಡ್ಡ ಇಟ್ಟಿಗೆ ಕಟ್ಟಡವೂ ಗಾರೆಯ ಮುಖಗಳೂ ಸುಟ್ಟಮಣ್ಣಿನ ಬೊಂಬೆಗಳೂ ಹೊರಬಂದವು. ಮೇಲಿನದು ಹನ್ನೆರಡನೆಯ ಶತಮಾನದ್ದು, ಅಡಿಯಲ್ಲಿರುವುದು ಎಂಟು-ಒಂಬತ್ತನೆಯ ಶತಮಾನದ ಅವಶೇಷ. ಬಲ್ಲಾಳನ ಹೆಸರು ಹೊತ್ತ ಕಟ್ಟಡವೂ ಬೇರೆಯವರ ತಳಪಾಯದ ಮೇಲೆಯೇ ಎದ್ದಿದೆ. ಸೇನರ ರಾಜಧಾನಿಯಾಗಿದ್ದ ವಿಕ್ರಮಪುರ ಈಗ ಬಾಂಗ್ಲಾದೇಶದಲ್ಲಿದೆ, ಅಲ್ಲಿಗೆ ಹೋಗಲು ವೀಸಾ ಬೇಕು. ನಾನ್ಯದೇವನ ಸಿಮ್ರೌನ್‌ಗಢ ನೇಪಾಳದ ಬಾರಾ ಜಿಲ್ಲೆಯಲ್ಲಿದೆ, ಅಲ್ಲಿಗೆ ಬೇಡ. ಎರಡನ್ನೂ ವಿದೇಶವೆನ್ನುವುದು ಇತ್ತೀಚಿನ ಗಡಿಗಳ ಲೆಕ್ಕ. ರಾಮದೇವಿ ಬಂದದ್ದು ಬೇರೊಂದು ಲೆಕ್ಕದ ಪರದೇಶಕ್ಕೆ. ಆಕೆಯ ಮಗ ಲಕ್ಷ್ಮಣಸೇನನ ಆಸ್ಥಾನದಲ್ಲಿ ಜಯದೇವನಿದ್ದ, ಧೋಯಿ ಇದ್ದ, ಗೋವರ್ಧನನಿದ್ದ. ಆ ಸಾಲಿನಲ್ಲಿ ಕನ್ನಡದ ಕವಿಯೊಬ್ಬನ ಹೆಸರೂ ಕೇಳಿಬರುವುದಿಲ್ಲ.