ಉತ್ತರಕ್ಕೆ ಮುನ್ನಿನ ಚಿತ್ರ: ಬೇತಾಳ ಕಥೆಗಳ ಶಂಕರ್ ಮತ್ತು ಸಾಮತಿಗಳ ಬೋಧನೆ

ಕಥೆಗೆ ಚಿತ್ರ ಬರೆಯುವವನೂ ಒಬ್ಬ ವ್ಯಾಖ್ಯಾನಕಾರನೇ. ಕಥೆಯ ಹತ್ತಾರು ಸನ್ನಿವೇಶಗಳಲ್ಲಿ ಒಂದನ್ನು ಆರಿಸಿ ಉಳಿದವನ್ನು ಬಿಡುವಾಗಲೇ ಅವನು ಓದುಗನಿಗೆ ಅದರ ಅರ್ಥವನ್ನು ಸೂಚಿಸಿರುತ್ತಾನೆ. ಧರ್ಮೋಪದೇಶದಲ್ಲಿ ಚಿತ್ರಗಳನ್ನು ನಿತ್ಯವೂ ಬಳಸುವ ನಾವು ಈ ಆಯ್ಕೆಯನ್ನು ಅಷ್ಟಾಗಿ ಪರಿಶೀಲಿಸುವುದಿಲ್ಲ. ಅದರ ಮಹತ್ವವನ್ನು ಅರಿಯಲು 'ಚಂದಮಾಮ' ಮಾಸಪತ್ರಿಕೆಯ ಬೇತಾಳ ಕಥೆಗಳಿಗೆ ಚಿತ್ರ ಬರೆದ ಶಂಕರ್ ಅವರ ಕೃತಿ ನಮಗೆ ನೆರವಾಗುತ್ತದೆ.

ಬೇತಾಳ ಕಥೆಗಳು 11ನೆಯ ಶತಮಾನದಲ್ಲಿ ಸೋಮದೇವನು ರಚಿಸಿದ 'ಕಥಾಸರಿತ್ಸಾಗರ'ದಲ್ಲಿ ಸೇರಿವೆ. ಆ ಗ್ರಂಥವು ತನ್ನ ಮೂಲವೆಂದು ಹೇಳಿಕೊಳ್ಳುವುದು ಗುಣಾಢ್ಯನ 'ಬೃಹತ್ಕಥೆ'ಯನ್ನು. ಈ ಕಥಾಪರಂಪರೆ ನಮ್ಮ ಸೀಮೆಗೆ ಹೊಸದಲ್ಲ. ತಲಕಾಡಿನ ಗಂಗರ ಅರಸು ದುರ್ವಿನೀತನು 'ವಡ್ಡಕಥೆ'ಯನ್ನು ಸಂಸ್ಕೃತದಲ್ಲಿ ರಚಿಸಿದನೆಂದು ಗುಮ್ಮರೆಡ್ಡಿಪುರದ ಶಾಸನವು ಹೇಳುತ್ತದೆ. ದುರ್ಗಸಿಂಹನ ಕನ್ನಡ 'ಪಂಚತಂತ್ರ'ವೂ ತನ್ನ ಮೂಲವನ್ನು ಗುಣಾಢ್ಯನಲ್ಲಿಯೇ ಗುರುತಿಸುತ್ತದೆ. ಮೈಸೂರು ಸೀಮೆಯಲ್ಲಿ ಸೇವೆ ಸಲ್ಲಿಸಿದ ಯಾಜಕ ಅಬ್ಬೆ ದ್ಯುಬುವಾ ಕನ್ನಡ, ತಮಿಳು, ತೆಲುಗು ಪಾಠಗಳನ್ನು ಆಧರಿಸಿದ ಪಂಚತಂತ್ರವನ್ನು 1826ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದರು. ಈ ಕಥೆಗಳನ್ನು ಗೌರವದಿಂದ ಓದುವುದು ನಮ್ಮ ಯಾಜಕವರ್ಗಕ್ಕೂ ಹಳೆಯ ರೂಢಿಯೇ.

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಅದ್ಭುತ ಕಥೆಗಳು ಮೊದಲಿಂದಲೂ ಕಿವಿಯ ಮೂಲಕ ಬಂದವು. ನೀಲಗಾರರು ಮಂಟೇಸ್ವಾಮಿಯ ಕಾವ್ಯವನ್ನು ಹಾಡುವಾಗ, ಕಂಸಾಳೆಯವರು ಮಾದೇಶ್ವರನ ಮಹಿಮೆಯನ್ನು ಹಾಡುವಾಗ, ಕೇಳುವ ಪ್ರತಿಯೊಬ್ಬನೂ ತನ್ನದೇ ಚಿತ್ರವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾನೆ. ಮದ್ರಾಸಿನಲ್ಲಿ 1947ರಲ್ಲಿ ಆರಂಭವಾಗಿ 1949ರಲ್ಲಿ ಕನ್ನಡಕ್ಕೆ ಬಂದ 'ಚಂದಮಾಮ'ವು ಓದುಗರೆಲ್ಲರ ಕಣ್ಣಿಗೂ ಒಂದೇ ಚಿತ್ರವನ್ನು ಒದಗಿಸಿತು. ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯರು ಅದರ ಮುಖಪುಟಗಳಲ್ಲಿ ಮಹಾಭಾರತವನ್ನು ಚಿತ್ರಿಸಿದರು. ಕೆ.ಸಿ. ಶಿವಶಂಕರನ್, ಅಂದರೆ ಶಂಕರ್, ಚಾಮರಾಜನಗರದಿಂದ ದಿಂಬಂ ಘಟ್ಟವನ್ನು ಇಳಿದರೆ ಸಿಗುವ ಈರೋಡ್ ಸೀಮೆಯ ಹಳ್ಳಿಯವರು. ಮದ್ರಾಸಿನ ಸರ್ಕಾರಿ ಕಲಾಶಾಲೆಯಲ್ಲಿ ಕಲಿತು, 1950ರ ದಶಕದ ಆರಂಭದಲ್ಲಿ 'ಚಂದಮಾಮ'ವನ್ನು ಸೇರಿ, ಸುಮಾರು ಆರು ದಶಕ ಅಲ್ಲಿಯೇ ದುಡಿದರು. 2020ರ ಸೆಪ್ಟೆಂಬರ್ 29ರಂದು ನಿಧನರಾದರು. ಮರುವರ್ಷ ಮರಣೋತ್ತರವಾಗಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಅವರ ಪ್ರಸಿದ್ಧ ಚಿತ್ರವನ್ನು ನೆನೆಯಿರಿ. ಸ್ಮಶಾನದ ಕತ್ತಲು, ಹೆಗಲ ಮೇಲೆ ಶವ, ಕೈಯಲ್ಲಿ ಹಿರಿದ ಕತ್ತಿ, ಹೆಜ್ಜೆ ಹಾಕುತ್ತಿರುವ ಅರಸು. ಕಥೆಯ ಕಟ್ಟು ಎಲ್ಲರಿಗೂ ಪರಿಚಿತ. ಶವದೊಳಗಿನ ಬೇತಾಳವು ಒಂದು ಕಥೆ ಹೇಳಿ ಕೊನೆಗೆ ನ್ಯಾಯದ ಪ್ರಶ್ನೆಯೊಂದನ್ನು ಕೇಳುತ್ತದೆ. ತಿಳಿದೂ ಸುಮ್ಮನಿದ್ದರೆ ಅರಸನ ತಲೆ ಹೋಳಾಗುತ್ತದೆ; ಉತ್ತರಿಸಿದರೆ ಮೌನ ಮುರಿದು ಶವ ಮತ್ತೆ ಮರವನ್ನು ಸೇರುತ್ತದೆ. ಸತ್ಯವನ್ನು ನುಡಿದರೆ ಪಟ್ಟ ಶ್ರಮವೆಲ್ಲ ವ್ಯರ್ಥವಾಗುವುದೆಂದು ಅರಿತೂ ಅರಸನು ನುಡಿಯುತ್ತಾನೆ. ನೀತಿ ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ಇದಕ್ಕಿಂತ ತೀಕ್ಷ್ಣವಾದ ಪಾಠ ದೊರೆಯುವುದು ಕಷ್ಟ. ಶಂಕರ್ ಚಿತ್ರಿಸಿದ್ದು ಅರಸನ ತೀರ್ಪನ್ನಲ್ಲ, ಪ್ರಶ್ನೆಯನ್ನು ಹೊತ್ತ ನಡಿಗೆಯನ್ನು. ಚಿತ್ರವನ್ನು ನೋಡಿದ ಬಾಲಕನಿಗೆ ಉತ್ತರ ಸಿಗುವುದಿಲ್ಲ. ಅರಸನ ಹೆಗಲಿನ ಭಾರ ಅವನ ಹೆಗಲಿಗೂ ಬರುತ್ತದೆ.

ಪವಿತ್ರಗ್ರಂಥವೂ ಈ ಕ್ರಮವನ್ನು ಬಲ್ಲದು. ಬಡವನ ಕುರಿಮರಿಯ ಕಥೆಯನ್ನು ನಾತಾನನು ದಾವೀದನ ಮುಂದಿಟ್ಟನು. ತೀರ್ಪು ಅರಸನ ಬಾಯಿಂದಲೇ ಹೊರಟು ಅವನ ಮೇಲೆಯೇ ಬಿತ್ತು. ಸಮಾರಿಯದವನ ಸಾಮತಿಯನ್ನು ಪ್ರಭು ಮುಗಿಸಿದ್ದು, ಮೂವರಲ್ಲಿ ನೆರೆಯವನು ಯಾರೆಂಬ ಪ್ರಶ್ನೆಯಿಂದ. ಆದರೆ ನಮ್ಮ ಧರ್ಮೋಪದೇಶದ ಪಟಗಳಲ್ಲಿ ಸಾಮಾನ್ಯವಾಗಿ ಕಾಣುವುದೇನು? ಸಮಾರಿಯದವನು ಆಗಲೇ ಗಾಯ ಕಟ್ಟುತ್ತಿರುತ್ತಾನೆ. ದುಂದುಗಾರ ಮಗನನ್ನು ತಂದೆ ಆಗಲೇ ಅಪ್ಪಿಕೊಂಡಿರುತ್ತಾನೆ. ಮನೆಯೊಳಗೆ ಬಾರದೆ ಹೊರಗೆ ನಿಂತ ಹಿರಿಯ ಮಗನಿಗೆ ಪಟದಲ್ಲಿ ಸ್ಥಳವಿರುವುದು ಅಪರೂಪ. ಆ ಸಾಮತಿ ಮುಗಿಯುವುದಾದರೋ ಅವನೊಡನೆ ನಡೆದ ಮಾತಿನಲ್ಲಿ, ಅವನು ಒಳಗೆ ಬಂದನೇ ಎಂಬುದನ್ನು ಹೇಳದೆ. ಪ್ರಶ್ನೆಯನ್ನು ಕೇಳುವ ಮೊದಲೇ ಚಿತ್ರವು ಉತ್ತರವನ್ನು ಕೊಟ್ಟುಬಿಟ್ಟರೆ, ಸಾಮತಿಯು ಬರಿಯ ನೀತಿಕಥೆಯಾಗಿ ಉಳಿಯುತ್ತದೆ.

ಸುಮಾರು 600ರಲ್ಲಿ ಜಗದ್ಗುರು ಮಹಾ ಗ್ರೆಗೊರಿಯವರು ಮಾರ್ಸೇಯಿನ ಧರ್ಮಾಧ್ಯಕ್ಷ ಸೆರೆನಸರಿಗೆ ಪತ್ರ ಬರೆದು, ಓದುಬಾರದವರಿಗೆ ಚಿತ್ರಗಳೇ ಓದೆಂದು ಸಮರ್ಥಿಸಿದರು. ಚಿತ್ರವೂ ಓದೇ ಆದರೆ, ಪಾಠವನ್ನು ಪರಿಶೀಲಿಸುವಷ್ಟೇ ಎಚ್ಚರದಿಂದ ಅದನ್ನೂ ಪರಿಶೀಲಿಸುವುದು ಬೋಧಕನ ಹೊಣೆ. ಗುಂಡ್ಲುಪೇಟೆಯ ಕಡೆಯ ಹಳ್ಳಿಯೊಂದರಲ್ಲಿ ಭಾನುವಾರದ ತರಗತಿಗೆ ಪಟವನ್ನು ಆರಿಸುವ ಗುರುಗಳು ಮೊದಲು ಇದನ್ನು ಕೇಳಿಕೊಳ್ಳಲಿ: ಈ ಚಿತ್ರವು ಮಗುವಿಗೆ ಪ್ರಭುವಿನ ಪ್ರಶ್ನೆಯನ್ನು ತಲುಪಿಸುತ್ತದೆಯೇ, ಅಥವಾ ಅದನ್ನು ಮುಚ್ಚಿಬಿಡುತ್ತದೆಯೇ? ತಕ್ಕ ಪಟ ಸಿಗದಿದ್ದರೆ ಹಿರಿಯ ಮಗನು ಬಾಗಿಲಲ್ಲಿ ನಿಂತಿರುವ ಚಿತ್ರವನ್ನು ಮಕ್ಕಳಿಂದಲೇ ಬರೆಸಬಹುದು. ಅವನು ಮುಂದೇನು ಮಾಡಿದನೆಂಬುದನ್ನು ಅವರೇ ಹೇಳಲಿ.